ಮಗ ತಂದ ನೀರು

"ಯಾರು ಬೇಕಾಗಿತ್ತಪ್ಪ?" ಎಂದು ಕೇಳಿದಳು ತಿಮ್ಮಮ್ಮ.

ಹೆಗಲ ಮೇಲೆ ಇಪ್ಪತ್ತು ಲೀಟರಿನ ನೀರಿನ ಕ್ಯಾನು ಹೊತ್ತು ಹೊಸ್ತಿಲು ದಾಟುತ್ತಿದ್ದ ಮಹದೇವಸ್ವಾಮಿ ನಕ್ಕುಬಿಟ್ಟ. ಅವ್ವನಿಗೆ ಹೀಗೆ ಕೆಣಕುವ ಚಾಳಿ ಮೊದಲಿನಿಂದಲೂ ಇತ್ತು. ಒಂದೆರಡು ದಿನ ಮಧ್ಯಾಹ್ನದ ಊಟಕ್ಕೆ ಬರದಿದ್ದರೆ ಸಾಕು, "ಯಾವೂರಾಯ್ತಪ್ಪ ನಿಂದು, ಉಂಡ್ಕೊಂಡು ಓಗ್ತೀಯಾ?" ಎಂದು ನೆಂಟರನ್ನು ವಿಚಾರಿಸುವ ಹಾಗೆ ವಿಚಾರಿಸುವಳು. ಅವನು ಕ್ಯಾನನ್ನು ಗೋಡೆಯ ಬದಿಗೆ ಇಳಿಸಿ, ಬಾಯಲ್ಲಿದ್ದ ಏಲಕ್ಕಿಯನ್ನು ಇನ್ನೊಂದು ದವಡೆಗೆ ಸರಿಸಿ, "ನಿನ್ ಮಗ ಬೇಕಾಗಿತ್ತು ಕಣವ್ವ. ಮನೇಲವ್ನಾ?" ಎಂದ.

"ನೀರಿನೋನಾ ನೀನು? ನಮಗೆ ಬ್ಯಾಡ ಕಣಪ್ಪ. ನಮ್ಮ ಮಗ ತತ್ತಾನೆ. ಅವನು ತಂದ ನೀರು ಬುಟ್ಟು ಬ್ಯಾರೆ ನೀರು ನಾನು ಕುಡಿಯಾಕಿಲ್ಲ."

ಆ ಮಾತಿನಲ್ಲಿ ತಮಾಷೆಯ ಸುಳಿವೇ ಇರಲಿಲ್ಲ. ಮಹದೇವಸ್ವಾಮಿ ಅವ್ವನ ಮುಖ ನೋಡಿದ. ಅವಳು ಅವನನ್ನು ನೋಡುತ್ತಿದ್ದಳು, ಆದರೆ ಬೀದಿಯಲ್ಲಿ ಹೋಗುವ ಯಾರನ್ನೋ ನೋಡುವಷ್ಟೇ. ಅವಳ ಮುಂದೆ ಮೊರದ ತುಂಬ ಅವರೆಕಾಯಿ ಇತ್ತು. ಅದನ್ನು ಒಂದೊಂದಾಗಿ ಸುಲಿದು, ಕಾಳನ್ನು ಕಸದ ಬುಟ್ಟಿಗೆ ಹಾಕಿ ಸಿಪ್ಪೆಯನ್ನು ಜೋಪಾನವಾಗಿ ಪಾತ್ರೆಗೆ ಹಾಕುತ್ತಿದ್ದಳು. ಪಾತ್ರೆ ಆಗಲೇ ಅರ್ಧ ತುಂಬಿತ್ತು.

"ಮಿತ್ರಾ!" ಎಂದು ಕೂಗಿದ.

ಭಾನುವಾರವಾದ್ದರಿಂದ ಗಾರ್ಮೆಂಟ್ಸಿಗೆ ರಜೆಯಿದ್ದು, ಅವನ ಹೆಂಡತಿ ಸಂಘಮಿತ್ರ ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಒದ್ದೆ ಕೈಯಲ್ಲೇ ಓಡಿಬಂದವಳು ಪಾತ್ರೆಯನ್ನೂ ಬುಟ್ಟಿಯನ್ನೂ ನೋಡಿ ಅಲ್ಲೇ ನಿಂತಳು. "ಬೆಳಿಗ್ಗೆಯಿಂದ ತಲೆನೋವು, ವಾಕರಿಕೆ ಅಂತಿದ್ರು ಕಣ್ರೀ. ರಾತ್ರಿ ನಿದ್ದೆಗೆಟ್ಟವ್ರೆ, ಅದಕ್ಕಿರಬೇಕು ಅಂತ ನಾನೂ ಸುಮ್ನಾದೆ."

ಪಕ್ಕದ ಮನೆಯ ಮಾದೇವಮ್ಮ ಕೂಗು ಕೇಳಿ ಬಂದಳು. ಕುಂಬಾರಕೊಪ್ಪಲಿನ ಆ ಓಣಿಯಲ್ಲಿ ಒಂದು ಮನೆಯ ಕೂಗು ಇನ್ನೊಂದು ಮನೆಗೆ ಕೇಳದೆ ಇರುವುದು ಸಾಧ್ಯವೂ ಇರಲಿಲ್ಲ. "ಗಾಳಿ ಸೋಕೈತೆ. ನಿಂಬೆಹಣ್ಣು ನೀವಾಳಿಸಿ ಮೂರ್ದಾರೀಲಿ ಎಸೀರಿ," ಎಂದು ಹೇಳಿ, ಹಣ್ಣು ತರಲು ತಾನೇ ಹೊರಟಳು.

"ಗಾಳಿನೂ ಇಲ್ಲ, ಗೀಳಿನೂ ಇಲ್ಲ. ಮೈಯಲ್ಲಿ ನೀರು ಕಮ್ಮಿಯಾಗೈತೆ, ಅಷ್ಟೆ," ಎಂದ ಮಹದೇವಸ್ವಾಮಿ. ಹೊಸ ಕ್ಯಾನಿನ ಮುಚ್ಚಳ ಕಿತ್ತು ದೊಡ್ಡ ಲೋಟಕ್ಕೆ ಬಗ್ಗಿಸಿದ. "ಕುಡಿಯವ್ವ."

ತಿಮ್ಮಮ್ಮ ಹೇಳಿದ ಮಾತು ಕೇಳುವ ಮಗುವಿನ ಹಾಗೆ ಎರಡು ಕೈಯಲ್ಲೂ ಲೋಟ ಹಿಡಿದು ಗಟಗಟ ಕುಡಿದಳು. ಅವನು ಇನ್ನೊಂದು ಲೋಟ ಕೊಟ್ಟ. ಅದನ್ನೂ ಕುಡಿದಳು. "ನೋಡು, ಈಗ ಸರಿಹೋಗ್ತಾಳೆ," ಎಂದು ಅವನು ಹೆಂಡತಿಯ ಕಡೆ ತಿರುಗುವಷ್ಟರಲ್ಲಿ ಹಿಂದೆ ಮೊರ ಕವುಚಿದ ಸದ್ದಾಯಿತು. ಅವ್ವ ಒಂದು ಪಕ್ಕಕ್ಕೆ ಉರುಳಿದ್ದಳು. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು, ಹಲ್ಲು ಕಚ್ಚಿಕೊಂಡಿತ್ತು, ಕೈಕಾಲು ಸೆಟೆದು ಸೆಟೆದು ಬಡಿದುಕೊಳ್ಳುತ್ತಿದ್ದವು. ಚೆಲ್ಲಿದ ಅವರೆಕಾಯಿಯ ಮೇಲೆ ಅವಳ ಹಿಮ್ಮಡಿ ತಿಕ್ಕಿ ತಿಕ್ಕಿ ಸಿಪ್ಪೆ ಜಜ್ಜಿ ಹಸಿರಾಯಿತು. ಮಹದೇವಸ್ವಾಮಿಗೆ ಕೈಯೂ ಆಡಲಿಲ್ಲ, ಬಾಯಿಯೂ ಆಡಲಿಲ್ಲ. ಅವನನ್ನು ತಳ್ಳಿಕೊಂಡು ಹೋಗಿ ಅತ್ತೆಯ ತಲೆ ಹಿಡಿದವಳು ಸಂಘಮಿತ್ರ.

ಆಮೇಲೆ ಆದದ್ದೆಲ್ಲ ಅವನಿಗೆ ತುಂಡುತುಂಡಾಗಿ ಮಾತ್ರ ನೆನಪಿದೆ. ಬಾಗಿಲಲ್ಲಿ ನಿಂತಿದ್ದ ಅವನ ಗೂಡ್ಸ್ ಆಟೋದಿಂದ ಓಣಿಯವರು ತುಂಬಿದ ಕ್ಯಾನುಗಳನ್ನು ರಸ್ತೆಗೆ ಇಳಿಸಿದರು. ಹಾಸಿಗೆ ಹಾಸಿದರು. ಅವ್ವನನ್ನು ನಾಲ್ವರು ಎತ್ತಿ ಮಲಗಿಸಿದರು. ರೈಲ್ವೆ ಸ್ಟೇಷನ್ನಿನ ಹತ್ತಿರ ಸಿಗ್ನಲ್ ಕೆಂಪಿತ್ತೋ ಹಸಿರಿತ್ತೋ ದೇವರಿಗೇ ಗೊತ್ತು. ಹಿಂದಿನಿಂದ ಸಂಘಮಿತ್ರ, "ಉಸಿರಾಡ್ತಾವ್ರೆ, ಹೋಗ್ರೀ, ಉಸಿರಾಡ್ತಾವ್ರೆ," ಎಂದು ದೊಡ್ಡಾಸ್ಪತ್ರೆಯ ಗೇಟಿನವರೆಗೂ ಅದೊಂದೇ ಮಾತು ಹೇಳುತ್ತಿದ್ದಳು.

ಮಹದೇವಸ್ವಾಮಿಗೆ ತನ್ನ ನೀರಿನ ಮೇಲೆ ಇದ್ದ ನಂಬಿಕೆ ದೇವರ ಮೇಲೂ ಇರಲಿಲ್ಲ ಎನ್ನಬಹುದು. ಮೇಟಗಳ್ಳಿಯ ನೀರಿನ ಘಟಕದಲ್ಲಿ ಬೆಳಿಗ್ಗೆ ಕ್ಯಾನು ತುಂಬಿಸಿಕೊಂಡು, ಮಂಡಿ ಮೊಹಲ್ಲಾದ ಅಂಗಡಿ ಅಂಗಡಿಗೂ ಹಾಕಿ ಬರುವುದು ಅವನ ಕೆಲಸ. "ನಮ್ಮ ನೀರು ಕುಡಿದೋರು ಆಸ್ಪತ್ರೆ ಮೆಟ್ಟಿಲು ಹತ್ತಲ್ಲ," ಎಂದು ಗಿರಾಕಿಗಳ ಮುಂದೆ ಜಂಬ ಕೊಚ್ಚುವನು. ಗೌರಿ ಹಬ್ಬದ ಹೊತ್ತಿಗೆ ಅವ್ವನಿಗೆ ಮೂತ್ರಪಿಂಡದಲ್ಲಿ ಸಣ್ಣ ಕಲ್ಲಿದೆ ಎಂದು ಗೊತ್ತಾಗಿ, ಡಾಕ್ಟರು, "ನೀರು ಚೆನ್ನಾಗಿ ಕುಡಿಸಿ," ಎಂದಿದ್ದರು. ಇವನಿಗೆ ಅಷ್ಟು ಸಾಕಾಯಿತು. ಬೆಳಿಗ್ಗೆ ಕಾಫಿಗೆ ಮೊದಲು ಎರಡು ಬಾಟಲಿ, ಊಟಕ್ಕೆ ಮೊದಲು ಒಂದು, ಊಟವಾದ ಮೇಲೆ ಒಂದು, ಹೀಗೆ ಶುರುವಾದದ್ದು ಕಲ್ಲು ಬಿದ್ದುಹೋದ ಮೇಲೂ ನಿಲ್ಲಲಿಲ್ಲ. ಚಳಿ ಬಂದು ಬಾಯಾರಿಕೆ ಕಡಿಮೆಯಾದಾಗಲೂ ನಿಲ್ಲಲಿಲ್ಲ. ಅವ್ವ "ಸಾಕು ಕಣ್ಲಾ" ಎಂದರೆ ಅವಳ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು, ಲೋಟ ಮುಗಿಯುವ ತನಕ ಏಳುತ್ತಿರಲಿಲ್ಲ. ನೀರು ಎಷ್ಟು ಕುಡಿದರೂ ಒಳ್ಳೆಯದೇ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅದಕ್ಕೇ, "ದಿನಕ್ಕೆ ಎಷ್ಟು ನೀರು ಕುಡೀತಾರೆ?" ಎಂದು ಡಾಕ್ಟರು ಕೇಳಿದಾಗ, ಅಂಥ ಹೊತ್ತಿನಲ್ಲೂ ಅವನ ದನಿಯಲ್ಲಿ ಒಂಚೂರು ಹೆಮ್ಮೆ ಇಣುಕಿತು.

"ಐದು ಲೀಟರ್ ಮೇಡಂ. ಒಂದೊಂದಿನ ಆರೂ ಆಗುತ್ತೆ. ನಾನೇ ಮುಂದೆ ಕೂತು ಕುಡಿಸ್ತೀನಿ. ಫಿಲ್ಟರ್ ನೀರು, ನಂದೇ ಸಪ್ಲೈ."

ಡಾಕ್ಟರ್ ಸಿಂಚನ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಅವನಿಗೆ ತಂಗಿಯಾಗಬಹುದಾದ ವಯಸ್ಸಿನ ಹುಡುಗಿ. ಬಯ್ಯುತ್ತಾಳೆ ಎಂದುಕೊಂಡ, ಬಯ್ಯಲಿಲ್ಲ. "ಊಟ?" ಎಂದು ಕೇಳಿದಳು.

"ಎರಡು ತುತ್ತು," ಎಂದಳು ಸಂಘಮಿತ್ರ. "ಹೊಟ್ಟೆ ತುಂಬೈತೆ ಅಂತಾರೆ."

ರಕ್ತದ ರಿಪೋರ್ಟು ಬಂದಾಗ ಡಾಕ್ಟರು ಇಬ್ಬರನ್ನೂ ಪರದೆಯ ಈಚೆಗೆ ಕರೆದಳು. "ರಕ್ತದಲ್ಲಿ ಸೋಡಿಯಂ ಅಂತ ಇರುತ್ತೆ. ನಾವು ತಿನ್ನೋ ಉಪ್ಪಿನಿಂದ ಬರೋದು. ನೂರ ಮೂವತ್ತೈದಾದರೂ ಇರಬೇಕು. ನಿಮ್ಮ ತಾಯಿಗೆ ನೂರ ಎಂಟಿದೆ. ಅದಕ್ಕೇ ಫಿಟ್ಸ್ ಬಂದಿದ್ದು."

"ನಮಗೆ ಅರ್ಥ ಆಗೋ ಹಂಗೆ ಹೇಳಿ ಮೇಡಂ."

"ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರೋದು. ಆದರೆ ಬರೀ ನೀರಲ್ಲ. ಅದರಲ್ಲಿ ಉಪ್ಪಿರುತ್ತೆ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಇರುತ್ತೆ. ಮೆದುಳು ಕೈಗೆ ಏಳು ಅಂತ ಹೇಳಬೇಕಾದರೂ ಅವು ಬೇಕು, ಎದೆ ಬಡ್ಕೋಬೇಕಾದರೂ ಅವು ಬೇಕು. ಉಪ್ಪು ಒಳಗೆ ಹೋಗದೆ ನೀರು ಮಾತ್ರ ಹೋಗ್ತಾ ಇದ್ದರೆ ರಕ್ತ ತೆಳ್ಳಗಾಗುತ್ತೆ. ಆಗ ನೀರು ಮೆದುಳಿನ ಒಳಗೆ ನುಗ್ಗುತ್ತೆ. ಮೆದುಳು ಊದಿಕೊಳ್ಳುತ್ತೆ. ತಲೆಬುರುಡೆಯೊಳಗೆ ಊದೋದಕ್ಕೆ ಜಾಗ ಎಲ್ಲಿದೆ ಹೇಳಿ?"

ಮಹದೇವಸ್ವಾಮಿಗೆ ರಾತ್ರಿ ನೆನೆಹಾಕಿದ ಅವರೆಕಾಳು ಕಣ್ಣಿಗೆ ಕಟ್ಟಿತು. ಬೆಳಿಗ್ಗೆಯ ಹೊತ್ತಿಗೆ ಅದು ಊದಿ ಊದಿ, ಬೆರಳು ತಾಕಿದರೆ ಸಾಕು ಸಿಪ್ಪೆಯಿಂದ ಆಚೆ ಜಾರಿಬಿಡುತ್ತದೆ.

"ಅಂದ್ರೆ, ನಾನು ಕುಡಿಸಿದ ನೀರಿಂದ?"

"ನೀರೊಂದರಿಂದಲೇ ಅಲ್ಲ. ಅವರ ಬಿಪಿ ಮಾತ್ರೇಲಿ ಉಪ್ಪನ್ನ ಮೂತ್ರದಲ್ಲಿ ಹೊರಗೆ ಕಳಿಸೋದು ಒಂದಿದೆ. ಅದನ್ನ ನಿಲ್ಲಿಸಿದ್ದೀನಿ. ಆದರೂ ಇಷ್ಟು ಕೆಳಗೆ ಇಳಿದಿದೆ ಅಂದರೆ..." ಅವಳು ರಿಪೋರ್ಟನ್ನು ಇನ್ನೊಮ್ಮೆ ನೋಡಿದಳು. "ಊಟದಲ್ಲಿ ಉಪ್ಪು ತಿಂತಿದ್ರು ತಾನೆ?"

"ಇದೇನ್ ಮೇಡಂ ಹಿಂಗ್ ಕೇಳ್ತೀರಿ? ಉಪ್ಪಿಲ್ದೆ ಯಾರಾದ್ರೂ..."

"ಇಲ್ಲ," ಎಂದಳು ಸಂಘಮಿತ್ರ.

ಮಹದೇವಸ್ವಾಮಿ ಹೆಂಡತಿಯ ಕಡೆ ತಿರುಗಿದ. ಅವಳು ಅವನನ್ನು ನೋಡದೆ ಡಾಕ್ಟರಿಗೇ ಹೇಳಿದಳು. "ಒಂದು ಕಲ್ಲು ಉಪ್ಪೂ ಮುಟ್ಟಿಲ್ಲ ಮೇಡಂ. ಸಾರಿಗೆ ಉಪ್ಪು ಹಾಕೋ ಮುಂಚೆ ಅವರ ಪಾಲು ಎತ್ತಿಟ್ಕೊಂಡುಬಿಡ್ತಿದ್ರು. ಆಯುಧಪೂಜೆ ಮಾರನೇ ದಿನದಿಂದ."

ಡಾಕ್ಟರ್ ಸಿಂಚನ ಅದನ್ನೂ ಬರೆದುಕೊಂಡಳು. ಉಪ್ಪಿನ ಡ್ರಿಪ್ ಶುರು ಮಾಡಿದ್ದೇವೆ, ಅದನ್ನೂ ಒಂದೇ ಸಲಕ್ಕೆ ಏರಿಸುವ ಹಾಗಿಲ್ಲ, ಬೇಗ ಏರಿದರೆ ಮೆದುಳಿಗೆ ಇನ್ನೊಂದು ಅಪಾಯ, ನಿಧಾನವಾಗಿಯೇ ಆಗಬೇಕು ಎಂದಳು. "ಉಳೀತಾರಾ?" ಎಂದು ಕೇಳಿದ್ದಕ್ಕೆ, "ನಾಳೆ ಕೇಳಿ," ಎಂದು ಪರದೆಯೊಳಗೆ ಹೋದಳು.

ಹೊರಗಿನ ಸಿಮೆಂಟು ಬೆಂಚಿನ ಮೇಲೆ ಗಂಡ ಹೆಂಡತಿ ಕೂತರು. ಅವನ ಮೈಯೆಲ್ಲ ಉರಿಯುತ್ತಿತ್ತು.

"ಗೊತ್ತಿದ್ದೂ ಹೇಳ್ಲಿಲ್ವಲ್ಲ ನೀನು!"

"ಹರಕೆ ಹೊತ್ತೋರು ಅವರು. ನನ್ನ ಕೈಲಿ ಭಾಷೆ ತಗೊಂಡಿದ್ರು. ನಮ್ಮಪ್ಪನ ಮನೇಲಿ ಬುದ್ಧನ ಮುಂದೆ ದೀಪ ಹಚ್ಚೋದು ಬಿಟ್ರೆ ಹರಕೆಗಿರಕೆ ನಾನು ಕಂಡೋಳಲ್ಲ. ಹೋಗ್ಲಿ, ಬಿಪಿ ಇರೋರು ಉಪ್ಪು ಬಿಟ್ರೆ ಒಳ್ಳೇದೇ ಅಲ್ವ ಅಂದ್ಕೊಂಡೆ. ಎಲ್ರೂ ಹಂಗೇ ಹೇಳ್ತಾರಲ್ಲ." ಅವಳ ಕಣ್ಣು ತುಂಬಿತು. "ನಂದೂ ತಪ್ಪೇ."

"ಯಾವ ಹರಕೆ?"

ಅವಳು ಆಗ ಅವನ ಕಡೆ ನೋಡಿದಳು. "ನಿಮ್ದೇ. ಆಯುಧಪೂಜೆ ದಿನ ಬಾಳೆಕಂದು ಕಟ್ಟಿದ ಗಾಡೀನ ಕುಡ್ದು ತಂದು ಮನೆ ಮುಂದಿನ ಚರಂಡಿಗೆ ಇಳಿಸಿದ್ರಲ್ಲ, ಅವತ್ತು. ಸಿದ್ದಪ್ಪಾಜಿ ಪಟದ ಮುಂದೆ ನಿಂತು, ನನ್ನ ಮಗ ಕುಡಿಯೋದು ಬಿಡೋಗಂಟ ಉಪ್ಪು ಬಾಯಿಗೆ ಹಾಕಲ್ಲ ಅಂತ ಹೇಳ್ಕೊಂಡ್ರು."

ಆ ದಿನದ ನಾಚಿಕೆ ಮಹದೇವಸ್ವಾಮಿಗೆ ಮರೆತಿರಲಿಲ್ಲ. ಅದಕ್ಕೇ ದೀಪಾವಳಿಯ ದಿನ ಎಣ್ಣೆ ನೀರು ಹಾಕಿಸಿಕೊಂಡು ಬಂದು, ಅವ್ವನ ತಲೆ ಮುಟ್ಟಿ ಆಣೆ ಮಾಡಿ, ಇನ್ನು ಮುಟ್ಟುವುದಿಲ್ಲ ಎಂದಿದ್ದ. ಓಣಿಗೆಲ್ಲ ಸುದ್ದಿಯಾಗಿತ್ತು. ಮಾದೇವಮ್ಮ ತನ್ನ ಗಂಡನಿಗೆ, "ಅವನನ್ನ ನೋಡಿ ಕಲೀರಿ," ಎಂದು ಮೂದಲಿಸುವಷ್ಟು ಅವನು ದೊಡ್ಡ ಮನುಷ್ಯನಾಗಿದ್ದ.

"ದೀಪಾವಳೀಲೇ ಬಿಟ್ನಲ್ಲ," ಎಂದ. "ಹಂಗಿದ್ಮೇಲೆ ಅವತ್ತಿಂದಾನೇ ಉಪ್ಪು ತಿನ್ನಬೇಕಾಗಿತ್ತು. ಯಾಕ್ ತಿನ್ಲಿಲ್ಲ?"

"ನಾನೂ ಕೇಳ್ದೆ. ಅವರು ಬಿಟ್ಟಾಯ್ತಲ್ಲ, ಇನ್ನು ಉಪ್ಪು ತಿನ್ನಿ ಅತ್ತೆ ಅಂದೆ. ಅವನು ಬುಟ್ಮೇಲೆ ತಿಂತೀನಿ ಕಣವ್ವ ಅಂದ್ರು. ನಾನು, ವಯಸ್ಸಾಯ್ತು, ಮರೆವು ಅಂದ್ಕೊಂಡೆ..."

ಹೇಳುತ್ತಾ ಹೇಳುತ್ತಾ ಅವಳ ಮಾತು ಅರ್ಧಕ್ಕೇ ನಿಂತಿತು. ಗಂಡನ ಮುಖ ನೋಡಿದಳು. ಅವನು ಮುಖ ತಿರುಗಿಸುವಷ್ಟರಲ್ಲಿ ಅವಳಿಗೆ ಎಲ್ಲ ಗೊತ್ತಾಗಿಹೋಗಿತ್ತು. ಎದ್ದು ಹೋಗಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

ಮಹದೇವಸ್ವಾಮಿಗೆ ಭೂಮಿ ಬಾಯಿ ಬಿಡಬಾರದೆ ಎನಿಸಿತು. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದ. ಎಲ್ಲ ಅಷ್ಟು ಹುಷಾರಾಗಿ ನಡೆಸಿದ್ದ. ಆಟೋದ ಸೀಟಿನ ಹಿಂದೆ, ಕ್ಯಾನಿನ ಮುಚ್ಚಳ ತುಂಬಿದ ಚೀಲದೊಳಗೆ ಬ್ರಾಂದಿ ಪ್ಯಾಕೆಟ್ಟು. ಘಟಕದ ಹಿಂದಿನ ಗೋಡೆಯ ಮರೆಯಲ್ಲಿ, ತನ್ನದೇ ಒಳ್ಳೆಯ ನೀರು ಬೆರೆಸಿ, ಎರಡೇ ಗುಟುಕು. ಆಮೇಲೆ ಏಲಕ್ಕಿ. ಕುಡಿದು ತೂರಾಡಿದವನಲ್ಲ, ಬಾಯಿ ಮಾಡಿದವನಲ್ಲ. ಇಷ್ಟು ದಿನ ಅವ್ವ ಅವನು ಬಡಿಸಿಕೊಂಡ ತಟ್ಟೆಯ ಎದುರಿಗೇ ಕೂತು, ತನ್ನ ಸಪ್ಪೆ ಸಾರನ್ನು ಕಲಸಿಕೊಂಡು ಉಂಡಿದ್ದಳು. ಒಂದು ದಿನವೂ ಅವಳ ಮುಖದಲ್ಲಿ ಏನೂ ಕಾಣಿಸಿರಲಿಲ್ಲ. ಅಥವಾ ಇವನು ನೋಡಿರಲಿಲ್ಲ.

ಮೂರನೆಯ ದಿನಕ್ಕೆ ತಿಮ್ಮಮ್ಮ ಕಣ್ಣು ಬಿಟ್ಟು ಸೊಸೆಯನ್ನು ಹೆಸರು ಹಿಡಿದು ಕರೆದಳು. ಡಾಕ್ಟರ್ ಸಿಂಚನ ಮೊದಲ ಸಲ ನಕ್ಕಳು. ಆದರೆ ಹೊರಗೆ ಬಂದು ಮಹದೇವಸ್ವಾಮಿಗೆ ಹೇಳಿದ ಮಾತು ಬೇರೆ. "ಇನ್ನು ಬಾಯಲ್ಲಿ ಉಪ್ಪು ಹೋಗಬೇಕು. ಡ್ರಿಪ್ಪಿನಲ್ಲೇ ಬದುಕಿಸೋಕಾಗಲ್ಲ. ನೀರು ನಾನು ಹೇಳಿದಷ್ಟೇ ಕೊಡಬೇಕು. ಬೆಳಿಗ್ಗೆಯಿಂದ ನರ್ಸ್ ಕೊಟ್ಟರೂ ಬಾಯಿ ತೆಗೀತಿಲ್ಲ, ನಿಮ್ಮ ಮನೆಯವರು ಕೊಟ್ಟರೂ ತೆಗೀತಿಲ್ಲ. ಮನೆಗೆ ಹೋದ ಮೇಲೂ ಹಿಂಗೇ ಮಾಡಿ ಮತ್ತೆ ಇಳಿದುಬಿಟ್ಟರೆ, ಈ ಸಲದ ಹಾಗೆ ಉಳಿಸಿಕೊಡ್ತೀನಿ ಅಂತ ನಾನು ಮಾತು ಕೊಡಲ್ಲ."

ಸಂಘಮಿತ್ರ ಗಂಜಿಯ ಡಬ್ಬಿಯನ್ನು ಅವನ ಕೈಗೆ ಕೊಟ್ಟಳು. ಬೆಂಚಿನ ಮೇಲಿನ ಮಾತಾದ ಮೇಲೆ ಅವನ ಜೊತೆ ಆಡಿದ ಮಾತು ಅದೊಂದೇ: "ನಿಮಗೋಸ್ಕರ ಕಟ್ಟಿರೋ ಬಾಯಿ. ನೀವೇ ಬಿಚ್ಚಿಸಿ."

ವಾರ್ಡಿನ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಹಾಸಿಗೆಯ ಅರ್ಧದವರೆಗೆ ಬಂದಿತ್ತು. ತಿಮ್ಮಮ್ಮ ದಿಂಬಿಗೆ ಒರಗಿ ಕೂತಿದ್ದಳು. ಕೈಗೆ ಸೂಜಿ ಚುಚ್ಚಿ ಪಟ್ಟಿ ಹಾಕಿದ್ದರು. ಮಗನನ್ನು ಕಂಡು, "ಗಾಡಿ ತಂದಿದ್ದೀಯೇನ್ಲಾ? ಮಂಡಿ ಮೊಹಲ್ಲಾದೋರ್ಗೆ ನೀರು ಯಾರಾಕ್ತವ್ರೆ?" ಎಂದಳು. ಈ ಸಲ ಅವಳು ಅವನನ್ನು ಗುರುತು ಹಿಡಿದಿದ್ದಳು.

ಸ್ಟೂಲು ಎಳೆದುಕೊಂಡು ಕೂತು ಡಬ್ಬಿಯ ಮುಚ್ಚಳ ತೆಗೆದ. "ಬಾಯಿ ತಗಿಯವ್ವ."

"ಉಪ್ಪಾಕವ್ರಾ?"

"ಊಂ."

ಅವಳು ತುಟಿ ಬಿಗಿದುಕೊಂಡು ತಲೆಯಾಡಿಸಿದಳು.

"ಬುಟ್ಟಿವ್ನಿ ಕಣವ್ವ," ಎಂದುಬಿಟ್ಟ. ರೂಢಿಯಾದ ಮಾತು, ತಾನೇ ತಾನಾಗಿ ಬಂತು. "ದೀಪಾವಳೀಲೇ ಬುಟ್ನಲ್ಲ, ನಿನ್ ತಲೆ ಮುಟ್ಟಿ."

ತಿಮ್ಮಮ್ಮ ಅವನನ್ನು ನೋಡಿದಳು. ಕೋಪವಿಲ್ಲ, ಕೊಂಕಿಲ್ಲ. "ಕುಡ್ದಿದ್ ದಿಸ ನೀನು ನಂಗೆ ಜಾಸ್ತಿ ನೀರು ಕುಡಿಸ್ತಿದ್ದೆ ಕಣ್ಲಾ ಮಗ," ಎಂದಳು. "ಇನ್ನೊಂದ್ ಲೋಟ ಕುಡಿಯವ್ವ, ಇನ್ನೊಂದ್ ಲೋಟ ಕುಡಿಯವ್ವ ಅಂತ ನನ್ ಕಾಲ್ತಾವ್ ಕುಂತ್ಕಬುಡ್ತಿದ್ದೆ. ಕುಡೀದಿದ್ ದಿಸ ಕ್ಯಾನ್ ಇಳ್ಸಿ ಅಂಗೇ ಓಗ್ತಿದ್ದೆ. ಅದ್ರಲ್ಲೇ ಗೊತ್ತಾಗ್ತಿತ್ತು."

ಮಹದೇವಸ್ವಾಮಿಯ ಕೈಯಲ್ಲಿದ್ದ ಚಮಚ ಡಬ್ಬಿಗೆ ತಾಗಿ ಸದ್ದಾಯಿತು. ಎಷ್ಟು ಲೋಟ! ಎಷ್ಟು ದಿನ! ಅವ್ವನ ಮೇಲಿನ ಪ್ರೀತಿ ಎಂದುಕೊಂಡೇ ಕೊಟ್ಟಿದ್ದ.

"ಲೋಟ ತಳ್ಳಬೇಕಾಗಿತ್ತಲ್ಲವ್ವ! ಯಾಕವ್ವ ಕುಡಿತಿದ್ದೆ?"

"ಮಗ ಕೊಟ್ಟಿದ್ದ ಬ್ಯಾಡ ಅನ್ನಕಾದದಾ?"

ಪಕ್ಕದ ಹಾಸಿಗೆಯ ಮುದುಕಿ ಕೆಮ್ಮಿದಳು. ನರ್ಸು ಬಂದು ಡ್ರಿಪ್ಪನ್ನು ನೋಡಿ ಹೋದಳು. ಮಹದೇವಸ್ವಾಮಿ ತಲೆ ತಗ್ಗಿಸಿ ಗಂಜಿಯನ್ನೇ ನೋಡುತ್ತಾ ಕೂತಿದ್ದ. ಇನ್ನೊಂದು ಆಣೆ ಮಾಡೋಣವೆಂದರೆ ಮುಟ್ಟುವುದಕ್ಕೆ ತಲೆ ಯಾವುದು ಉಳಿದಿತ್ತು? ಕೊನೆಗೆ ಬಾಯಿಂದ ಬಂದದ್ದು ಅವನೇ ಕೇಳಿ ಬೆಚ್ಚುವಷ್ಟು ಸಣ್ಣ ದನಿ.

"ಬುಟ್ಟಿಲ್ಲ ಕಣವ್ವ. ನಿನ್ನ ಆಸ್ಪತ್ರೆಗೆ ತಂದ ದಿಸಾನೂ ಕುಡ್ದಿದ್ದೆ. ಕುಡ್ಕೊಂಡೇ ಗಾಡಿ ಓಡಿಸ್ದೆ. ನೆನ್ನೆ ಮುಟ್ಲಿಲ್ಲ. ಇವತ್ತು ಮುಟ್ಟಿಲ್ಲ. ನಾಳೇದು ನಂಗೆ ಗೊತ್ತಿಲ್ಲ ಕಣವ್ವ."

ತಿಮ್ಮಮ್ಮ ಡಬ್ಬಿಯ ಕಡೆ ಕಣ್ಣು ಹೊರಳಿಸಿದಳು.

ಅವನು ಒಂದು ಚಮಚ ಗಂಜಿ ಎತ್ತಿದ. ಕೈ ಗಡಗಡ ನಡುಗುತ್ತಿತ್ತು. ಕುಡಿಯದ ಈ ಎರಡು ದಿನವೂ ಹೀಗೇ, ಬೀಡಿ ಹಚ್ಚಲೂ ಆಗದ ನಡುಕ. ಚಮಚ ಅವಳ ಗದ್ದದ ಹತ್ತಿರ ಹೋಗುವಷ್ಟರಲ್ಲಿ ಅರ್ಧ ಗಂಜಿ ಹೊದಿಕೆಯ ಮೇಲೆ ಚೆಲ್ಲಿತು. ಇನ್ನೊಂದು ಕೈಯಿಂದ ಹಿಡಿದುಕೊಳ್ಳಲು ನೋಡಿದ. ಆ ಕೈಯೂ ನಡುಗುತ್ತಿತ್ತು. ಅವ್ವ ಆ ಎರಡು ಕೈಗಳನ್ನೇ ನೋಡುತ್ತಿದ್ದಳು.

ಆಮೇಲೆ ಅವಳ ಪಟ್ಟಿ ಹಾಕಿದ ಕೈ ಹೊದಿಕೆಯ ಮೇಲಿಂದ ಎದ್ದು ಬಂದು ಅವನ ಮಣಿಕಟ್ಟನ್ನು ಹಿಡಿಯಿತು. ಕಾಯಿಲೆ ಬಿದ್ದ ಮುದುಕಿಯ ಕೈ, ಆದರೂ ಹಿಡಿತ ಗಟ್ಟಿಯಾಗಿತ್ತು. ಚಮಚದ ನಡುಕ ನಿಂತಿತು. ಅವಳೇ ಅದನ್ನು ತನ್ನ ಕಡೆ ಎಳೆದುಕೊಂಡು ಬಾಯಿ ತೆರೆದಳು. ಉಪ್ಪು ನಾಲಿಗೆಗೆ ತಾಗುತ್ತಲೇ ಅವಳ ಮುಖವೆಲ್ಲ ಕಿವುಚಿಕೊಂಡಿತು. ನುಂಗಿದಳು. ಮಣಿಕಟ್ಟು ಬಿಡದೆ ಮತ್ತೆ ಬಾಯಿ ತೆರೆದಳು.